ಚಪ್ಪರ ಮತ್ತು ಪೆಂಡಾಲ್: ನೆರಳಿನ ಚರಿತ್ರೆಗೆ ಒಂದು ಟಿಪ್ಪಣಿ

ಚಪ್ಪರ ಅಂದರೂ ಒಂದೇ, ಪೆಂಡಾಲ್ ಅಂದರೂ ಒಂದೇ ಎಂದು ಓದು ಬರಹ ಕಲಿತವರು ಭಾವಿಸಿದ್ದೇವೆ. ಎರಡೂ ನಾಲ್ಕು ದಿನದ ನೆರಳು. ಕಂಬ ನೆಡುವುದು, ಮೇಲೆ ಏನಾದರೊಂದನ್ನು ಹೊದಿಸುವುದು, ಕೆಲಸ ಮುಗಿದ ಮೇಲೆ ಕಿತ್ತುಹಾಕುವುದು. ಆದರೆ ಊರಿನಲ್ಲಿ ಯಾರೂ ಈ ಎರಡನ್ನು ಕಲಸುವುದಿಲ್ಲ. ಮದುವೆಗೆ ಕರೆಯಲು ಬಂದವರು 'ಚಪ್ಪರದ ದಿನಾನೇ ಬಂದ್ಬಿಡಿ' ಅನ್ನುತ್ತಾರೆ. 'ಪೆಂಡಾಲಿನ ದಿನ ಬನ್ನಿ' ಅಂತ ಯಾರೂ ಯಾರನ್ನೂ ಕರೆದದ್ದಿಲ್ಲ. ಭಾಷಣಕ್ಕೆ ಹೋಗಿಬಂದವನು ಪೆಂಡಾಲ್ ತುಂಬಿತ್ತು ಅನ್ನುತ್ತಾನೆ. ಚಪ್ಪರ ತುಂಬಿತ್ತು ಅನ್ನುವುದಿಲ್ಲ. ಒಂದು ಮನೆಗೆ ಅಂಟಿಕೊಂಡ ಮಾತು, ಇನ್ನೊಂದು ಬಯಲಿಗೆ ಸೇರಿದ ಮಾತು. ಈ ವ್ಯತ್ಯಾಸದಲ್ಲಿ ನಮ್ಮ ಜನರ ಚರಿತ್ರೆಯ ಒಂದು ದೊಡ್ಡ ತುಂಡು ಅಡಗಿದೆ ಎಂಬುದು ಈ ಟಿಪ್ಪಣಿಯ ವಾದ. ದಲಿತ ವಿಮರ್ಶೆ ಎಂದರೆ ಕತೆ ಕವಿತೆಗಳನ್ನು ಮಾತ್ರ ಓದುವುದು ಎಂದು ತಿಳಿದವರಿಗೆ ಇದು ವಿಮರ್ಶೆಯಂತೆ ಕಾಣದಿರಬಹುದು. ಇರಲಿ. ಪದಗಳೂ ಪಠ್ಯಗಳೇ. ಅವುಗಳನ್ನು ಬರೆದವರ ಹೆಸರು ಎಲ್ಲೂ ಇರುವುದಿಲ್ಲ ಅಷ್ಟೇ.

ಮೊದಲು ಪದಗಳ ಹುಟ್ಟು. ಚಪ್ಪರ ನಮಗೆ ಉತ್ತರದ ನಂಟಿನಿಂದ ಬಂದದ್ದು. ಹಿಂದಿಯ ಛಪ್ಪರ್ ಅಂದರೆ ಹುಲ್ಲು ಹೊದಿಸಿದ ಮಾಡು. ತಮಿಳಿನಲ್ಲೂ ಚಪ್ಪರಂ ಇದೆ. ಹಳೇ ಮೈಸೂರಿನ ನಮ್ಮ ಬಾಯಲ್ಲಿ ಇದು ಸಪ್ಪರ. ಉತ್ತರ ಕರ್ನಾಟಕದಲ್ಲಿ ಇದೇ ಜಾಗದಲ್ಲಿ ಹಂದರ ನಿಲ್ಲುತ್ತದೆ. ಅಲ್ಲಿ ಮದುವೆಗೆ ಹಂದರ ಹಾಕುತ್ತಾರೆ, ಹಂದರಗಂಬ ನೆಡುತ್ತಾರೆ. ಹಂದರ ದ್ರಾವಿಡ ಪದ. ಪಾಲು ಹಾಲಾದಂತೆ, ಪಳ್ಳಿ ಹಳ್ಳಿಯಾದಂತೆ ಹಳಗನ್ನಡದ ಪಕಾರ ಹಕಾರವಾಗಿ ಪಂದರ್ ಎನ್ನುವುದು ಹಂದರವಾಯಿತು. ತಮಿಳು ತನ್ನ ಪಕಾರವನ್ನು ಬಿಡಲಿಲ್ಲವಾದ್ದರಿಂದ ಅಲ್ಲಿ ಅದು ಇವತ್ತಿಗೂ ಪಂದಲ್.

ಈಗ ತಮಾಷೆ ನೋಡಿ. ಮದರಾಸಿನಲ್ಲಿದ್ದ ಇಂಗ್ಲಿಷರ ಕಿವಿಗೆ ಈ ಪಂದಲ್ ಬಿತ್ತು. ಅವರ ನಾಲಿಗೆಯಲ್ಲಿ ದಕಾರ ಹೊರಳದೆ ಡಕಾರದ ಹತ್ತಿರಕ್ಕೆ ಸರಿಯಿತು. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಹೊರತಂದ 'ಹಾಬ್ಸನ್ ಜಾಬ್ಸನ್' ಎಂಬ ಆಂಗ್ಲೋ ಇಂಡಿಯನ್ ಪದಕೋಶದಲ್ಲಿ ಪಂಡಾಲ್, ಪೆಂಡಾಲ್ ಎರಡೂ ರೂಪಗಳಿವೆ. ಅದೇ ಪುಸ್ತಕದಲ್ಲಿ ಛಪ್ಪರ್ ಕೂಡ 'ಚಾಪರ್' ಆಗಿ ಕೂತಿದೆ. ಆಮೇಲೆ ಇಂಗ್ಲಿಷಿನಿಂದ ಆ ಮಾತು ನಮ್ಮ ಕಡೆಗೆ ತಿರುಗಿ ಬಂದಾಗ ಡಕಾರವನ್ನು ಹಾಗೇ ಹೊತ್ತು ತಂದಿತು. ಅಂದರೆ ಹಂದರ ಮತ್ತು ಪೆಂಡಾಲ್ ಒಂದೇ ತಾಯಿಯ ಮಕ್ಕಳು. ಒಬ್ಬ ಮನೆಯಲ್ಲೇ ಉಳಿದು ಬದಲಾದ, ಇನ್ನೊಬ್ಬ ವಸಾಹತುಶಾಹಿಯ ಕೈಯಲ್ಲಿ ಊರೂರು ತಿರುಗಿ, ಯಾರ ಮನೆಯವನೂ ಅಲ್ಲದವನಾಗಿ ಬಂದ. ಪೆಂಡಾಲ್ ಅನ್ನುವ ಮಾತಿಗೆ ಜಾತಿ ಹೇಳುವ ಊರು ಇಲ್ಲ. ಇದು ಸಣ್ಣ ವಿಷಯವಲ್ಲ. ಇಂಗ್ಲಿಷ್ ಬಾಯಿಂದ ಹಾದುಬಂದ ಮಾತುಗಳಲ್ಲಿ ನಮ್ಮ ಜನಕ್ಕೆ ಆಗಾಗ ಸ್ವಲ್ಪ ಉಸಿರಾಡಲು ಜಾಗ ಸಿಕ್ಕಿದೆ. ಇಸ್ಕೂಲು, ಕೋರ್ಟು, ರೈಲು, ಆಸ್ಪತ್ರೆ, ಪೆಂಡಾಲು. ಯಾವುದೂ ಸ್ವರ್ಗವಲ್ಲ, ಆದರೆ ಇವುಗಳ ಬಾಗಿಲಲ್ಲಿ 'ನೀನು ಯಾರ ಪೈಕಿ' ಎಂದು ಕೇಳುವ ಹಕ್ಕು ಯಾರಿಗೂ ಬರಹದಲ್ಲಿ ಇರಲಿಲ್ಲ.

ಸಾಹಿತ್ಯ ವಿಮರ್ಶೆಯಲ್ಲಿ ಈ ಪದಗಳ ಗತಿ ಏನಾಯಿತು ಎಂಬುದನ್ನೂ ಗಮನಿಸಬೇಕು. ಹಂದರಕ್ಕೆ ಕನ್ನಡ ವಿಮರ್ಶೆ ದೊಡ್ಡ ಮರ್ಯಾದೆ ಕೊಟ್ಟಿದೆ. ಕಥಾಹಂದರ ಅನ್ನುತ್ತೇವೆ, ಕಾವ್ಯದ ಹಂದರ ಅನ್ನುತ್ತೇವೆ. ಮಲ್ಲಿಗೆ ಬಳ್ಳಿ ಹಬ್ಬುವ ಹಂದರದ ಚಿತ್ರ ಇದರ ಹಿಂದಿದೆ. ಬಳ್ಳಿ ಕಾಣುತ್ತದೆ, ಹೂವು ಕಾಣುತ್ತದೆ, ಕೆಳಗಿನ ಗಳು ಕಾಣುವುದಿಲ್ಲ. ಆ ಗಳುಗಳನ್ನು ಕಡಿದು ತಂದು ಕಟ್ಟಿದ ಕೈಗಳಂತೂ ಕಾಣುವುದೇ ಇಲ್ಲ. ತರಗತಿಯಲ್ಲಿ ಕಥಾಹಂದರ ವಿವರಿಸುವಾಗಲೆಲ್ಲ ನನಗೆ ಈ ಯೋಚನೆ ಬರುತ್ತದೆ. ವಿದ್ಯಾರ್ಥಿಗಳು ಉತ್ತರ ಬರೆದು ಅಂಕ ತೆಗೆದುಕೊಳ್ಳುತ್ತಾರೆ, ಹಂದರ ಕಟ್ಟಿದವನು ಪ್ರಶ್ನೆಪತ್ರಿಕೆಯಲ್ಲಿ ಬರುವುದಿಲ್ಲ.

ಇನ್ನು ಚಪ್ಪರವನ್ನೇ ಹತ್ತಿರದಿಂದ ನೋಡೋಣ. ನಮ್ಮ ಸೀಮೆಯಲ್ಲಿ ಮದುವೆಯ ಹಿಂದಿನ ದಿನ ಚಪ್ಪರ. ಅದಕ್ಕೆ ಶಾಸ್ತ್ರವಿದೆ, ಮುಹೂರ್ತವಿದೆ, ಹಾಲುಗಂಬಕ್ಕೆ ಪೂಜೆಯಿದೆ. ಮೇಲೆ ಹೊದಿಸಲು ತೆಂಗಿನ ಗರಿ, ಹೊಂಗೆ ಸೊಪ್ಪು. ಸುತ್ತಲೂ ಮಾವಿನ ತೋರಣ, ಬಾಗಿಲಲ್ಲಿ ಬಾಳೆಕಂದು. ಈ ಸೊಪ್ಪು ತನ್ನಷ್ಟಕ್ಕೆ ತಾನು ನಡೆದು ಬರುವುದಿಲ್ಲ. ಬೆಳಗಿನ ಜಾವಕ್ಕೆ ಎದ್ದು ಹೋಗಿ, ಮರ ಹತ್ತಿ, ಕಡಿದು, ಹೊರೆ ಕಟ್ಟಿ, ಹೊತ್ತು ತರಬೇಕು. ಗುಂಡಿ ತೋಡಬೇಕು, ಕಂಬ ನಿಲ್ಲಿಸಬೇಕು, ಕತ್ತಾಳೆ ನಾರಿನಲ್ಲಿ ಗಳು ಬಿಗಿಯಬೇಕು. ಗೌಡರ ಮನೆಯ, ಶಾನುಭೋಗರ ಮನೆಯ ಚಪ್ಪರಕ್ಕೆ ಈ ಕೆಲಸ ಮಾಡಬೇಕಾದವರು ಕೇರಿಯವರು. ಇದಕ್ಕೆ ಕೂಲಿಯಿಲ್ಲ. ಇದು ಬಿಟ್ಟಿ. ಸುಗ್ಗಿಯಲ್ಲಿ ಕಣದಿಂದ ಕೊಡುವ ನಾಲ್ಕು ಮೊರ ಕಾಳಿನಲ್ಲಿ ಇದೂ ಸೇರಿದೆ, ಹೆಣದ ಸುದ್ದಿ ಮುಟ್ಟಿಸುವುದೂ ಸೇರಿದೆ, ಸತ್ತ ದನ ಎಳೆಯುವುದೂ ಸೇರಿದೆ. ಯಾವುದಕ್ಕೆ ಎಷ್ಟು ಎಂದು ಲೆಕ್ಕ ಕೇಳುವಂತಿಲ್ಲ. ಲೆಕ್ಕವಿಲ್ಲದಿರುವುದೇ ಈ ವ್ಯವಸ್ಥೆಯ ಜೀವ.

ನನ್ನ ದೊಡ್ಡಪ್ಪ ಇದನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು: 'ಸಪ್ಪರ ಆಕಕೆ ನಾವು ಬೇಕು ಕನ ಮಗ, ಅದ್ರೊಳಿಕೆ ಬರಕೆ ನಾವು ಬ್ಯಾಡ. ಕೀಳಕೆ ತಿರ್ಗ ನಾವೇ ಬೇಕು.' ಹಾಲುಗಂಬಕ್ಕೆ ಅರಿಶಿನ ಕುಂಕುಮ ಬೀಳುವವರೆಗೆ ಅವರು ಅದನ್ನು ಮುಟ್ಟಬಹುದಿತ್ತು. ಬಿದ್ದ ಮೇಲೆ ಮುಟ್ಟುವಂತಿಲ್ಲ. ಆಮೇಲೆ ಅವರ ಜಾಗ ಚಪ್ಪರದಾಚೆ, ತಮಟೆಯವರ ಪಕ್ಕದಲ್ಲಿ, ಬಿಸಿಲಿನಲ್ಲಿ. ಊಟ ಎಲ್ಲ ಪಂಕ್ತಿಗಳೂ ಎದ್ದ ಮೇಲೆ.

ಇಲ್ಲಿ ಒಂದು ಸೂಕ್ಷ್ಮವಿದೆ. ದಲಿತರು ಮುಟ್ಟಿದ ಸೊಪ್ಪಿಗೆ ಮೈಲಿಗೆಯಿಲ್ಲ, ಆ ಸೊಪ್ಪಿನ ನೆರಳಿಗೆ ದಲಿತರು ಬಂದರೆ ಮೈಲಿಗೆ. ಇದು ವಿಚಿತ್ರ ಅನ್ನಿಸುತ್ತದೆ, ಆದರೆ ಜಾತಿಯ ಒಳ ತರ್ಕಕ್ಕೆ ಇದು ಸರಿಯಾಗೇ ಇದೆ. ಗದ್ದೆಯಲ್ಲಿ ನಾಟಿ ಮಾಡಿ, ಕೊಯ್ದು, ಬಡಿದು, ತೂರಿದ ಭತ್ತಕ್ಕೆ ಮೈಲಿಗೆಯಿಲ್ಲ. ಅದು ಬೆಂದು ಅನ್ನವಾದ ಮೇಲೆ ಮೈಲಿಗೆ ಶುರು. ಹಸಿಯಾಗಿರುವ ತನಕ ಶ್ರಮ ಬೇಕು. ಪದಾರ್ಥವಾದ ಮೇಲೆ ಶ್ರಮದ ಗುರುತು ಬೇಡ. ಚಪ್ಪರದ ವಿಷಯದಲ್ಲಿ ಬೆಂದು ಸಿದ್ಧವಾದ ಅಡಿಗೆ ಅಂದರೆ ನೆರಳು. ಅದನ್ನು ಬಡಿಸುವ ಹಕ್ಕು ಮನೆಯ ಯಜಮಾನನದು.

ಮಾತಿನ ರಚನೆಯೂ ಈ ತರ್ಕವನ್ನು ಕಾಪಾಡುತ್ತದೆ. 'ಗೌಡರು ಚಪ್ಪರ ಹಾಕವ್ರೆ' ಅನ್ನುತ್ತೇವೆ. ಗೌಡರು ಒಂದು ಗಳುವನ್ನೂ ಎತ್ತಿರುವುದಿಲ್ಲ. ಪೆಂಡಾಲಿನ ವಿಷಯ ಬಂದಾಗ ಮಾತ್ರ 'ಪೆಂಡಾಲ್‌ನೋರು ಇನ್ನೂ ಬಂದಿಲ್ಲ', 'ಪೆಂಡಾಲ್‌ನೋರಿಗೆ ಅಡ್ವಾನ್ಸ್ ಕೊಟ್ಟಿದೀವಿ' ಎಂಬ ಮಾತು ಬರುತ್ತದೆ. ಕಟ್ಟುವವರಿಗೆ ಒಂದು ಹೆಸರು ಸಿಕ್ಕಿದೆ. ಚಪ್ಪರ ಕಟ್ಟುವವರಿಗೆ ನಮ್ಮ ಕಡೆಯ ಮಾತಿನಲ್ಲಿ ಹೀಗೊಂದು ಹೆಸರನ್ನು ನಾನು ಕೇಳಿಲ್ಲ. ಹೆಸರು ಬೇಕಾಗುವುದು ದುಡ್ಡು ಕೊಡಬೇಕಾದಾಗ.

ಈ ಬಿಟ್ಟಿಗೆ ಕಾನೂನಿನ ಬೆಂಬಲವೂ ಇತ್ತು ಎಂಬುದನ್ನು ಜಾನಪದ ವಿದ್ವಾಂಸರು ಮರೆಯುತ್ತಾರೆ. ಮುಂಬಯಿ ಪ್ರಾಂತ್ಯದಲ್ಲಿ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಮಹಾರರ ವತನವನ್ನು ಕಟ್ಟಿಹಾಕಿತ್ತು. ಧಾರವಾಡ, ಬೆಳಗಾವಿ, ಬಿಜಾಪುರಗಳೂ ಆಗ ಆ ಪ್ರಾಂತ್ಯದಲ್ಲೇ ಇದ್ದವು. ತುಂಡು ಭೂಮಿಯ ಆಸೆಗೆ ಮನೆಮಂದಿಯೆಲ್ಲ ಹಗಲು ರಾತ್ರಿಯೆನ್ನದೆ ಸರ್ಕಾರಕ್ಕೂ ಊರಿಗೂ ದುಡಿಯಬೇಕು. ಅಂಬೇಡ್ಕರ್ ಅವರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಈ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಅದು ಕಾಯ್ದೆಯಾಗಲಿಲ್ಲ. ಆ ಪ್ರಾಂತ್ಯದಲ್ಲಿ ಕೆಳದರ್ಜೆಯ ಗ್ರಾಮ ವತನಗಳು ಹೋಗಲು 1958ರ ಕಾಯ್ದೆ ಬರಬೇಕಾಯಿತು. ಅಷ್ಟರಲ್ಲಿ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ್ದವು. ಇಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಆದದ್ದು 1961ರಲ್ಲಿ. ಕಾಯ್ದೆ ಬಂದ ಮಾರನೇ ದಿನ ಸೊಪ್ಪು ಕಡಿಯುವುದು ನಿಂತುಹೋಯಿತು ಎಂದು ಯಾರೂ ತಿಳಿಯಬಾರದು.

ಇಷ್ಟು ಹೇಳಿದ ಮೇಲೆ ಹಸಿರು ಚಪ್ಪರದ ಬಗ್ಗೆ ನಮ್ಮಲ್ಲಿರುವ ಭಾವುಕತೆಯನ್ನು ಪ್ರಶ್ನಿಸದೆ ಮುಂದಕ್ಕೆ ಹೋಗಲಾಗದು. ಊರೆಲ್ಲ ಸೇರಿ ಚಪ್ಪರ ಹಾಕುತ್ತಿದ್ದರು, ಹದಿನೆಂಟು ಜಾತಿಯೂ ಕೈ ಜೋಡಿಸುತ್ತಿದ್ದವು, ಎಂಥ ಸಾಮರಸ್ಯ ಎಂದು ಬರೆಯುವ ಲೇಖನಗಳು ನಿಂತಿಲ್ಲ. ಕೈ ಜೋಡಿಸಿದ್ದು ನಿಜ. ಜೋಡಿಸಿದ ಕೈಗಳಲ್ಲಿ ಯಾವುದು ಆಮೇಲೆ ಎಲೆಯ ಮುಂದೆ ಕೂತಿತು, ಯಾವುದು ಎಂಜಲೆಲೆ ಎತ್ತಿತು ಎಂದು ಕೇಳಿದ ತಕ್ಷಣ ಸಾಮರಸ್ಯದ ಬಣ್ಣ ಬಯಲಾಗುತ್ತದೆ. ಈಗಂತೂ ರೆಸಾರ್ಟುಗಳಲ್ಲಿ 'ದೇಸಿ ಮದುವೆ' ಅಂತ ತೆಂಗಿನ ಗರಿಯ ಚಪ್ಪರವನ್ನು ಪ್ಯಾಕೇಜಿನಲ್ಲಿ ಮಾರುತ್ತಾರೆ. ಪ್ಲಾಸ್ಟಿಕ್ ಬೇಡ, ಪರಿಸರ ಉಳಿಯಲಿ, ನನ್ನ ತಕರಾರಿಲ್ಲ. ದೇಸಿ ಎನ್ನುವ ಮಾತು ಬಿಟ್ಟಿಯನ್ನು ತೊಳೆದು ಪರಿಮಳ ಹಚ್ಚಿ ತರುವಾಗ ಮಾತ್ರ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ.

ಕನ್ನಡ ಚರಿತ್ರೆಯ ಅತ್ಯಂತ ಅಪಾಯದ ಹಂದರ ಒಂದಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆಯಿತೆಂದು ಶರಣ ಪರಂಪರೆ ಹೇಳುವ ಮದುವೆಯದು. ಅಪ್ಪಂದಿರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು, ಕಲ್ಯಾಣ ಹಾಳಾಯಿತು ಎಂದು ಅದೇ ಪರಂಪರೆ ಹೇಳುತ್ತದೆ. ಒಂದು ಮದುವೆಯ ನೆರಳಿನಲ್ಲಿ ಇಬ್ಬರು ಒಟ್ಟಿಗೆ ನಿಂತದ್ದಕ್ಕೆ ರಾಜ್ಯವೇ ನಡುಗಿತು. ಹಂದರದೊಳಗಿನ ಜಾಗ ಎಷ್ಟು ದುಬಾರಿ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಪೆಂಡಾಲಿಗೆ ಬರೋಣ. ಮೇಲುನೋಟಕ್ಕೆ ಇದರ ನಿಯಮ ಬೇರೆ. ಬಯಲನ್ನು ಕೇಳಿ ಪಡೆಯಬೇಕು, ಬಾಡಿಗೆ ಕಟ್ಟಬೇಕು, ಕರಪತ್ರ ಹಂಚಬೇಕು. ಕರಪತ್ರ ಓದಿದವರೆಲ್ಲ ಬರಬಹುದು. ಕಾಂಗ್ರೆಸ್ಸಿನ ಅಧಿವೇಶನಗಳು ಈ ಪೆಂಡಾಲನ್ನು ದೇಶದ ಕಣ್ಣಿಗೆ ಹಿಡಿದವು. ಬಹುಕಾಲ ನಿಂತ ಕಟ್ಟಡವಿಲ್ಲದ ಒಂದು ರಾಷ್ಟ್ರೀಯ ಸಂಸ್ಥೆ ವರ್ಷಕ್ಕೊಂದು ಊರಿನಲ್ಲಿ ಪೆಂಡಾಲ್ ಎಬ್ಬಿಸಿ ಅದನ್ನೇ ರಾಷ್ಟ್ರ ಎಂದು ಕರೆಯಿತು. ಆ ರಾಷ್ಟ್ರದೊಳಗೆ ಯಾರು ಎಂಬ ಪ್ರಶ್ನೆ ಬಹಳ ಬೇಗ ಎದ್ದಿತು.

1895ರಲ್ಲಿ ಪುಣೆಯಲ್ಲಿ ಕಾಂಗ್ರೆಸ್ ಅಧಿವೇಶನ. ರಾನಡೆಯವರು ಮುಂದೆ ನಿಂತು ನಡೆಸುತ್ತಿದ್ದ ಸಾಮಾಜಿಕ ಪರಿಷತ್ತು ಅದುವರೆಗೆ ಕಾಂಗ್ರೆಸ್ ಮುಗಿದ ಮೇಲೆ ಅದೇ ಪೆಂಡಾಲಿನಲ್ಲಿ ಸೇರುತ್ತಿತ್ತು. ವಿಧವೆಯರ ಮದುವೆ, ಬಾಲ್ಯವಿವಾಹ ಅದರ ಚರ್ಚೆಗಳು. ಅಸ್ಪೃಶ್ಯತೆಯ ಬುಡಕ್ಕೆ ಕೈ ಹಾಕಿದ ಪರಿಷತ್ತೇನೂ ಅದಲ್ಲ. ಆದರೂ ಪುಣೆಯ ಸಂಪ್ರದಾಯಸ್ಥರಿಗೆ ಅಷ್ಟೂ ಸಹಿಸಲಾಗಲಿಲ್ಲ. ಪೆಂಡಾಲ್ ಕೊಡುವ ಸೌಜನ್ಯ ಹಿಂದಕ್ಕೆ ಹೋಯಿತು. ಪರಿಷತ್ತು ತನ್ನದೇ ಪೆಂಡಾಲ್ ಹಾಕಿಕೊಳ್ಳಲು ಹೊರಟಾಗ ಅದನ್ನು ಸುಟ್ಟುಹಾಕುತ್ತೇವೆಂಬ ಬೆದರಿಕೆ ಬಂತು. ಈ ಘಟನೆಯನ್ನು ಅಂಬೇಡ್ಕರ್ ತಮ್ಮ 'ಜಾತಿ ವಿನಾಶ' ಭಾಷಣದ ಮೊದಲ ಭಾಗದಲ್ಲೇ ತರುತ್ತಾರೆ. ರಾಜಕೀಯ ಸುಧಾರಣೆಯ ಪಕ್ಷ ಸಾಮಾಜಿಕ ಸುಧಾರಣೆಯ ಪಕ್ಷವನ್ನು ಹೇಗೆ ಮಣಿಸಿತು ಎಂದು ತೋರಿಸಲು ಅವರಿಗೆ ಸಿಕ್ಕ ಗುರುತು ಒಂದು ಪೆಂಡಾಲ್. ಇದರ ವ್ಯಂಗ್ಯ ಇಲ್ಲಿಗೇ ಮುಗಿಯುವುದಿಲ್ಲ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆದು, ಬರೆದದ್ದನ್ನು ಓದಿ ಹೆದರಿ, ಸಮ್ಮೇಳನವನ್ನೇ ರದ್ದು ಮಾಡಿತು. ನಿರಾಕರಿಸಿದ ಪೆಂಡಾಲಿನ ಕತೆ ಹೇಳುವ ಭಾಷಣಕ್ಕೇ ಪೆಂಡಾಲ್ ಸಿಗಲಿಲ್ಲ. ಅಂಬೇಡ್ಕರ್ ಅದನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಮೊದಲ ಮುದ್ರಣದ 1500 ಪ್ರತಿಗಳು ಸುಮಾರು ಎರಡು ತಿಂಗಳಲ್ಲಿ ಖರ್ಚಾದವು. ಓದುಗರೇ ಅದಕ್ಕೆ ಸಭೆಯಾದರು.

ಪೆಂಡಾಲಿನ ಹಿತ್ತಲಲ್ಲಿ ಚಪ್ಪರದ ಪದ್ಧತಿ ಹೇಗೆ ಮುಂದುವರಿಯುತ್ತಿತ್ತು ಎಂಬುದಕ್ಕೆ ಗಾಂಧೀಜಿಯವರ ಆತ್ಮಕಥೆಯೇ ಸಾಕ್ಷಿ. 1901ರ ಕಲ್ಕತ್ತಾ ಕಾಂಗ್ರೆಸ್ಸಿಗೆ ಅವರು ಹೋದಾಗ ತಮಿಳು ಪ್ರತಿನಿಧಿಗಳ ಅಡಿಗೆಮನೆ ಬೇರೆಯವರಿಂದ ದೂರದಲ್ಲಿತ್ತು. ಉಣ್ಣುವಾಗ ಇತರರ ಕಣ್ಣು ಬಿದ್ದರೂ ಮೈಲಿಗೆ ಎಂದು ಅದರ ಸುತ್ತ ತಟ್ಟಿ ಕಟ್ಟಿಸಲಾಗಿತ್ತು. ಅಡಿಗೆ, ಊಟ, ಕೈತೊಳೆಯುವುದು ಎಲ್ಲ ಆ ಹೊಗೆ ತುಂಬಿದ ಗೂಡಿನೊಳಗೇ. ಅತ್ತ ಕಕ್ಕಸುಗಳು ನಾರುತ್ತಿದ್ದರೂ ಸ್ವಯಂಸೇವಕರು ಅದು ಭಂಗಿಗಳ ಕೆಲಸವೆಂದರು. ಗಾಂಧಿ ತಾವೇ ಪೊರಕೆ ಹಿಡಿದರು. ಮುಂದೆ ರಾಷ್ಟ್ರದ ಭಾಷಣ, ಹಿಂದೆ ತಟ್ಟಿಯ ಗೋಡೆ. ಗಾಂಧೀಜಿಗೆ ಇದು ವರ್ಣಧರ್ಮದ ವಿಕಾರವಾಗಿ ಕಂಡಿತು. ನಮಗೆ ಅದು ವರ್ಣಧರ್ಮವೇ ಆಗಿ ಕಾಣುತ್ತದೆ. ವ್ಯತ್ಯಾಸ ಅಲ್ಲಿದೆ.

ಹೀಗಿರುವಾಗ 1927ರ ಮಹಾಡ್ ಯಾಕೆ ಮುಖ್ಯ ಎಂಬುದು ಅರ್ಥವಾಗಬೇಕಾದರೆ ಚವದಾರ್ ಕೆರೆಯ ಜೊತೆಗೆ ಅಲ್ಲಿನ ಪೆಂಡಾಲನ್ನೂ ನೋಡಬೇಕು. ಕೆರೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ಪೆಂಡಾಲಿನ ಬಗ್ಗೆ ಬರೆದವರು ಕಮ್ಮಿ.

ಕೊಲಾಬಾ ಜಿಲ್ಲೆಯ ಬಹಿಷ್ಕೃತರ ಪರಿಷತ್ತು ಮಾರ್ಚ್ 19 ಮತ್ತು 20ರಂದು ಸೇರಿತು. ಸಾವಿರಾರು ಜನ, ರೊಟ್ಟಿ ಬುತ್ತಿ ಕಟ್ಟಿಕೊಂಡು ನಡೆದು ಬಂದವರು. ಕುಡಿಯುವ ನೀರನ್ನು ಸವರ್ಣರಿಂದ 40 ರೂಪಾಯಿ ಕೊಟ್ಟು ಕೊಳ್ಳಬೇಕಾಯಿತು. ಊರಿನಲ್ಲಿ ತುಂಬಿದ ಕೆರೆ, ಪೆಂಡಾಲಿನಲ್ಲಿ ಕೊಂಡ ನೀರು. 20ರಂದು ಮೆರವಣಿಗೆ ಕೆರೆಗೆ ಹೋಯಿತು, ನೀರು ಕುಡಿಯಿತು, ಶಾಂತವಾಗಿ ಹಿಂತಿರುಗಿತು. ಒಂದೆರಡು ಗಂಟೆಯಲ್ಲಿ ಇವರು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರಂತೆ ಎಂಬ ಸುಳ್ಳುಸುದ್ದಿ ಹಬ್ಬಿತು. ದೊಣ್ಣೆ ಹಿಡಿದ ಗುಂಪು ಪೆಂಡಾಲಿಗೆ ನುಗ್ಗಿತು. ಎಷ್ಟೋ ಜನ ಊರುಗಳಿಗೆ ಹೊರಟುಹೋಗಿದ್ದರು, ಉಳಿದವರು ಊಟಕ್ಕೆ ಕೂತಿದ್ದರು. ಅವರ ಅನ್ನವನ್ನು ಮಣ್ಣಿಗೆ ಚೆಲ್ಲಿ ತುಳಿದರು, ಪಾತ್ರೆಗಳನ್ನು ಒಡೆದರು, ಸಿಕ್ಕವರನ್ನು ಹೊಡೆದರು. ಓಡಿದವರಿಗೆ ಆಸರೆ ಸಿಕ್ಕಿದ್ದು ಮುಸಲ್ಮಾನರ ಮನೆಗಳಲ್ಲಿ. ಅಂಬೇಡ್ಕರ್ ತಿರುಗಿ ಹೊಡೆಯಬೇಡಿ ಎಂದು ತಮ್ಮವರನ್ನು ತಡೆದರು. ಕೆರೆಯನ್ನು ಆಮೇಲೆ 108 ಕೊಡ ಪಂಚಗವ್ಯದ ನೀರಿನಲ್ಲಿ ಶುದ್ಧಿ ಮಾಡಿದರು.

ಕೆರೆ ಮುಟ್ಟಿದ್ದಕ್ಕೆ ಕೆರೆಯ ದಡದಲ್ಲಿ ಹೊಡೆಯಲಿಲ್ಲ. ಪೆಂಡಾಲಿನಲ್ಲಿ, ಅದೂ ಉಣ್ಣುವಾಗ ಹೊಡೆದರು. ಅಸ್ಪೃಶ್ಯರು ತಮಗಾಗಿ ತಾವೇ ಹಾಕಿಕೊಂಡ ನೆರಳಿನಲ್ಲಿ, ಯಾರ ಪಂಕ್ತಿಗೂ ಕಾಯದೆ, ತಮ್ಮ ಅನ್ನ ತಾವು ಉಣ್ಣುತ್ತಿದ್ದಾರೆ. ಯಜಮಾನನಿಲ್ಲದ ನೆರಳು ಅದು. ಬಡಿಸುವ ಹಕ್ಕು ಯಾರ ಕೈಯಲ್ಲೂ ಇಲ್ಲ. ಸವರ್ಣರ ಸಿಟ್ಟಿಗೆ ಇದೂ ಕಾರಣವಾಗಿತ್ತು ಎಂದು ನಾನು ಓದುತ್ತೇನೆ. ಅನ್ನಕ್ಕೆ ಮಣ್ಣು ಬೆರೆಸುವವರಿಗೆ ತಾವು ಏನನ್ನು ಕೆಡಿಸುತ್ತಿದ್ದೇವೆ ಎಂಬುದು ಚೆನ್ನಾಗಿ ಗೊತ್ತಿತ್ತು.

ಡಿಸೆಂಬರಿನಲ್ಲಿ ಮತ್ತೆ ಸೇರಲು ಹೊರಟಾಗ ಮಹಾಡ್‌ನ ಹಿಂದೂಗಳು ಪೆಂಡಾಲಿಗೆ ನೆಲ ಕೊಡಲಿಲ್ಲ. ಫತ್ತೇಖಾನ್ ಎಂಬ ಮುಸಲ್ಮಾನರು ತಮ್ಮ ನೆಲ ಕೊಟ್ಟರು. ಅಂಗಡಿಯವರು ಸಾಮಾನು ಕೊಡಲಿಲ್ಲ. ದವಸ ಧಾನ್ಯಗಳನ್ನು ಹೊರಗಿನಿಂದ ತರಬೇಕಾಯಿತು. ಕೆರೆಗೆ ಹೋಗದಂತೆ ಕೋರ್ಟಿನ ತಡೆಯಾಜ್ಞೆ ಬೇರೆ. ಆ ಪೆಂಡಾಲಿನೊಳಗೆ ಇದ್ದ ಏಕೈಕ ಭಾವಚಿತ್ರ ಗಾಂಧೀಜಿಯವರದು ಎಂಬುದನ್ನು ಇವತ್ತಿನ ಎರಡೂ ಕಡೆಯ ಭಕ್ತರು ಅರಗಿಸಿಕೊಳ್ಳಲಾರರು. ಡಿಸೆಂಬರ್ 25ರ ಸಭೆಯಲ್ಲಿ ಅಂಬೇಡ್ಕರ್ ಆ ಸಭೆಯನ್ನು 1789ರ ಫ್ರಾನ್ಸಿನ ರಾಷ್ಟ್ರೀಯ ಸಭೆಗೆ ಹೋಲಿಸಿದರು. ಮನುಸ್ಮೃತಿಯನ್ನು ಸುಡುವ ಠರಾವನ್ನು ಮಂಡಿಸಿದವರು ಸಹಸ್ರಬುದ್ಧೆ, ಜಾತಿಯಿಂದ ಬ್ರಾಹ್ಮಣರು. ರಾತ್ರಿ ಪೆಂಡಾಲಿನ ಮುಂದೆ ತೋಡಿದ ಗುಂಡಿಯಲ್ಲಿ ಆ ಗ್ರಂಥ ಉರಿಯಿತು.

ಗುಂಡಿ ತೋಡುವುದು ನಮ್ಮವರಿಗೆ ಹೊಸ ಕೆಲಸವಲ್ಲ. ಚಪ್ಪರದ ಕಂಬಕ್ಕೆ ತಲೆಮಾರುಗಳಿಂದ ತೋಡಿದ್ದಾರೆ. 1895ರಲ್ಲಿ ಪೆಂಡಾಲ್ ಸುಡುತ್ತೇವೆಂದು ಸಂಪ್ರದಾಯಸ್ಥರು ಹೆದರಿಸಿದ ಮೇಲೆ 32 ವರ್ಷಕ್ಕೆ, ಅಸ್ಪೃಶ್ಯರ ಪೆಂಡಾಲಿನ ಮುಂದೆ ಸಂಪ್ರದಾಯಸ್ಥರ ಶಾಸನವೇ ಸುಟ್ಟುಹೋಯಿತು. ಮರಾಠಿಯಲ್ಲಿ ಇಂಥ ನೆರಳಿಗೆ ಮಂಡಪ, ಮಾಂಡವ ಎನ್ನುತ್ತಾರೆ. ಮದುವೆಗೂ ಸಭೆಗೂ ಅವರಿಗೆ ಒಂದೇ ಬೇರಿನ ಮಾತು ಸಾಕಾಗಿದೆ. ಕನ್ನಡಕ್ಕೆ ಎರಡು ಬೇಕಾಯಿತು. ಇದರಿಂದ ಕನ್ನಡ ಹೆಚ್ಚು ಎಂದೇನೂ ನಾನು ಹೇಳುತ್ತಿಲ್ಲ. ಎರಡು ಮಾತಿದ್ದರೆ ಎರಡರ ನಡುವಿನ ಗೆರೆ ಬೇಗ ಕಾಣುತ್ತದೆ, ಅಷ್ಟೇ.

ನಮ್ಮ ನೆಲದಲ್ಲೂ ಆ ಗೆರೆ ಒಮ್ಮೆ ಬಹಳ ಹತ್ತಿರದಲ್ಲಿ ಎಳೆದುಕೊಂಡಿತು. 1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ. ನಾಲ್ಕು ತಿಂಗಳು ಕಳೆದು 1925ರ ಏಪ್ರಿಲ್‌ನಲ್ಲಿ ಅದೇ ಜಿಲ್ಲೆಯ ನಿಪ್ಪಾಣಿಯಲ್ಲಿ ಅಂಬೇಡ್ಕರ್ ಪಾಲ್ಗೊಂಡ ಬಹಿಷ್ಕೃತರ ಪ್ರಾಂತೀಯ ಪರಿಷತ್ತು. ಮೊದಲನೆಯದರ ಶತಮಾನೋತ್ಸವವನ್ನು ಸರ್ಕಾರ 2024ರಲ್ಲಿ ಬೆಳಗಾವಿಗೆ ದೀಪ ಹಚ್ಚಿ ಆಚರಿಸಿತು. ನಿಪ್ಪಾಣಿಯ ನೂರು ವರ್ಷ ನೆನಪಾದದ್ದು ಹೆಚ್ಚಾಗಿ ನಮ್ಮ ಸಂಘಟನೆಗಳಿಗೆ.

ಸಾಹಿತ್ಯದ ಪೆಂಡಾಲಿನ ಮಾತು ಆಡದೆ ಇದ್ದರೆ ಈ ಸಂಚಿಕೆಯ ಓದುಗರು ನನ್ನನ್ನು ಬಿಡುವುದಿಲ್ಲ. 1979ರಲ್ಲಿ ಧರ್ಮಸ್ಥಳದ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಬೇಕೆಂದು ಚೆನ್ನಣ್ಣ ವಾಲೀಕಾರ ಮೊದಲಾದವರು ಕೇಳಿದರು. ಸಾಹಿತ್ಯವನ್ನು ದಲಿತ, ದಲಿತೇತರ ಎಂದು ಒಡೆಯಲಾಗದು ಎಂಬ ನಿಲುವಿನಲ್ಲಿ ಪರಿಷತ್ತು ಒಪ್ಪಲಿಲ್ಲ. ಅದೇ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಈ ಚರಿತ್ರೆ ಎಲ್ಲರಿಗೂ ಗೊತ್ತಿದೆ. ನಾನು ಕೇಳುವುದು ಪರಿಷತ್ತಿನ ಆ ತರ್ಕದ ಜಾತಕವನ್ನು. ಸಾಹಿತ್ಯ ಒಂದೇ, ಎಲ್ಲರೂ ಬನ್ನಿ, ಪ್ರತ್ಯೇಕ ಜಾಗ ಕೇಳಬೇಡಿ ಎಂಬುದು ಪೆಂಡಾಲಿನ ಭಾಷೆ. ಗೋಷ್ಠಿ ಯಾವುದು, ಮಾತಾಡುವವರು ಯಾರು, ಯಾರ ಸರದಿ ಯಾವಾಗ ಎಂಬುದನ್ನು ಯಜಮಾನರು ತೀರ್ಮಾನಿಸುವುದು ಚಪ್ಪರದ ರೀತಿ. ನುಡಿ ಪೆಂಡಾಲಿನದು, ನಡೆ ಚಪ್ಪರದ್ದು. ನಮ್ಮ ಸಾಂಸ್ಕೃತಿಕ ಸಂಸ್ಥೆಗಳನ್ನು ಅರ್ಥ ಮಾಡಿಕೊಳ್ಳಲು ನನಗೆ ಇದಕ್ಕಿಂತ ಹತ್ತಿರದ ಅಳತೆಗೋಲು ಸಿಕ್ಕಿಲ್ಲ. 2023ರ ಜನವರಿಯಲ್ಲಿ ಹಾವೇರಿ ಸಮ್ಮೇಳನ ಮುಸ್ಲಿಂ ಲೇಖಕರನ್ನು ಕಡೆಗಣಿಸಿತೆಂದು ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ಸೇರಿದಾಗ ನನಗೆ ನೆನಪಾದದ್ದು ಫತ್ತೇಖಾನರ ನೆಲ. 2024ರ ಡಿಸೆಂಬರಿನಲ್ಲಿ ಮಂಡ್ಯ ಸಮ್ಮೇಳನದ ಸೂಚನೆಯಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ನಿಷೇಧಿಸಿ ಬರೆದಾಗ, ಬಾಡೂಟ ಬೇಕೆಂಬ ಕೂಗು ಎದ್ದಿತು. ಕೆಲವು ಹಿರಿಯ ಸಾಹಿತಿಗಳು ಇದನ್ನು ಹೊಟ್ಟೆಪಾಡಿನ ಗಲಾಟೆ ಎಂಬಂತೆ ಕಂಡರು. ಅನ್ನದ ಮೇಲೆ ಮಣ್ಣು ಬಿದ್ದ ಚರಿತ್ರೆ ಗೊತ್ತಿದ್ದವರು ಹಾಗೆ ಕಾಣಲಾರರು.

ನಮ್ಮಲ್ಲೇ ಒಂದು ವಾದವಿದೆ: ಅವರ ಪೆಂಡಾಲಿನಲ್ಲಿ ಜಾಗ ಕೇಳುವುದೇ ತಪ್ಪು, ನಮ್ಮದು ನಾವು ಹಾಕಿಕೊಳ್ಳೋಣ ಎಂದು. ಇದರಲ್ಲಿ ಸ್ವಾಭಿಮಾನವಿದೆ, ಒಪ್ಪುತ್ತೇನೆ. ಆದರೆ ಮಹಾಡ್‌ನಲ್ಲಿ ಅಂಬೇಡ್ಕರ್ ಎರಡನ್ನೂ ಮಾಡಿದರು. ತಮ್ಮ ಪೆಂಡಾಲ್ ತಾವು ಹಾಕಿದರು, ಊರ ಕೆರೆಯನ್ನೂ ಬಿಡಲಿಲ್ಲ. ಕೆರೆಯ ಹಕ್ಕಿಗಾಗಿ ಹತ್ತು ವರ್ಷ ಕೋರ್ಟು ಅಲೆದು 1937ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಗೆದ್ದರು. ಸ್ವಂತ ಪೆಂಡಾಲ್ ಹಾಕಿದ ಮೇಲೆ ಕೆರೆಯನ್ನು ಮರೆತರೆ ಅದು ಕೇರಿಯೊಳಗಿನ ಇನ್ನೊಂದು ಚಪ್ಪರವಾಗುತ್ತದೆ. ಅಲ್ಲೂ ಯಜಮಾನರು ಹುಟ್ಟುತ್ತಾರೆ. ವೇದಿಕೆಯ ಮೇಲೆ ಹದಿನೈದು ಕುರ್ಚಿ, ಹದಿನೈದರಲ್ಲೂ ಗಂಡಸರು, ಅಡಿಗೆಯ ಕಡೆಗೆ ಹೆಂಗಸರು ಎಂಬ ದೃಶ್ಯವನ್ನು ನಮ್ಮ ಸಭೆಗಳಲ್ಲಿ ನೋಡದವರು ಕೈ ಎತ್ತಲಿ.

ಇವತ್ತು ಊರುಗಳಲ್ಲಿ ಶಾಮಿಯಾನ ಬಾಡಿಗೆ ಕೊಡುವ ಅಂಗಡಿಗಳು ಬಂದಿವೆ. ಕಬ್ಬಿಣದ ಪೈಪು, ಬಣ್ಣದ ಬಟ್ಟೆ, ಟಾರ್ಪಾಲು. ಪೈಪು ಎತ್ತುವ ಹುಡುಗರಲ್ಲಿ ಕೇರಿಯವರು ಬಹಳ, ಆದರೆ ಸಂಜೆ ಕೂಲಿ ಎಣಿಸಿ ಕೊಡಬೇಕು. ನಮ್ಮೂರಿನಲ್ಲಿ ಗೌಡರ ಮನೆಯವರೂ ಈಗ ಪೆಂಡಾಲನ್ನೇ ಹಾಕಿಸುತ್ತಾರೆ. ಬಿಟ್ಟಿಗೆ ಸೊಪ್ಪು ತರುವವರು ಸಿಗುವುದಿಲ್ಲ ಎಂಬ ಕಾರಣವನ್ನು ಅವರು ಹೇಳುವುದಿಲ್ಲ, ಕಾಲ ಬದಲಾಯಿತು ಅನ್ನುತ್ತಾರೆ. ಶಾಸ್ತ್ರಕ್ಕೆ ಮಾತ್ರ ಪೆಂಡಾಲಿನ ಪೈಪಿಗೆ ಒಂದು ಹಿಡಿ ಹೊಂಗೆ ಸೊಪ್ಪು ಕಟ್ಟುತ್ತಾರೆ. ಆ ಒಂದು ಹಿಡಿಯನ್ನು ತರಲು ಈಗಲೂ ಕೇರಿಗೆ ಹೇಳಿ ಕಳಿಸುವ ಮನೆಗಳಿವೆ. ಹೋಗುವ ಮುದುಕರೂ ಇದ್ದಾರೆ.

ಏಪ್ರಿಲ್ 14ಕ್ಕೆ ನಮ್ಮ ಕೇರಿಯ ಮುಂದೆಯೂ ಪೆಂಡಾಲ್ ಏಳುತ್ತದೆ. ಕಳೆದ ವರ್ಷ ಹುಡುಗರು ಅದರ ಬಾಗಿಲಿಗೆ ಹಸಿರು ಚಪ್ಪರ ಹಾಕಬೇಕೆಂದು ಹಟ ಹಿಡಿದರು. ಹಿರಿಯರಿಗೆ ಇಷ್ಟವಿರಲಿಲ್ಲ, 'ಅವ್ರ ಮನೆ ಸಪ್ಪರಕ್ಕೆ ಕಡ್ದಿದ್ದು ಸಾಲ್ದಾ' ಎಂದು ಒಬ್ಬರು ಎದ್ದು ಹೋದರು. ವಾದ ರಾತ್ರಿಯವರೆಗೂ ನಡೆಯಿತು. ಬೆಳಿಗ್ಗೆ ಐದು ಜನ ಹುಡುಗರು, ಮೂವರು ಹುಡುಗಿಯರು ಕುಡುಗೋಲು ಹಿಡಿದು ಕೆರೆ ಏರಿಯ ಹೊಂಗೆ ಮರಗಳ ಕಡೆಗೆ ಹೋದರು. ಎಂಟು ಗಂಟೆಗೆ ಹೊರೆಗಳು ಬಂದವು. ಎದ್ದು ಹೋಗಿದ್ದ ಹಿರಿಯರೇ ಬಂದು ಗಳು ಬಿಗಿಯುವ ಗಂಟು ಹೇಗೆ ಹಾಕಬೇಕೆಂದು ತೋರಿಸಿಕೊಟ್ಟರು. ಹುಡುಗರಿಗೆ ಅದು ಗೊತ್ತಿರಲಿಲ್ಲ.